ಚಿಟ್ಟೆಗಳ ನಕ್ಷೆಯಲ್ಲಿ ಬಯಲುಸೀಮೆ

ಜನಸಾಮಾನ್ಯರು ತೆಗೆದ ಛಾಯಾಚಿತ್ರಗಳಿಂದ ಚಿಟ್ಟೆಗಳ ಹರಡಿಕೆಯನ್ನು ಗುರುತಿಸುವ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ಜಾಲತಾಣವು ವಿಜ್ಞಾನಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರ ಶ್ರಮದಿಂದ 2010ರಲ್ಲಿ ಆರಂಭವಾಯಿತು. ಪತಂಗಗಳಿಗೂ ಅಂಥದೇ ತಾಣವಿದೆ. ಸ್ಥಳ, ದಿನಾಂಕಗಳೊಡನೆ ಬಂದ ಚಿತ್ರವನ್ನು ತಜ್ಞರು ಪರಿಶೀಲಿಸಿದ ಬಳಿಕ ಅದು ದಾಖಲೆಯಾಗುತ್ತದೆ. ಕೊಲ್ಲದೆ ಅರಿಯುವ ಈ ಕ್ರಮ ಶ್ಲಾಘ್ಯವಾದುದು. ‘ತತ್ತ್ವಾರ್ಥಸೂತ್ರ’ವು ದುಂಬಿಯನ್ನು ಚತುರಿಂದ್ರಿಯ ಜೀವವೆಂದು ಎಣಿಸುತ್ತದೆ, ಚಿಟ್ಟೆ, ಪತಂಗಗಳೂ ಅದೇ ವರ್ಗದವು.

ಆದರೆ ಇಂತಹ ನಕ್ಷೆಗೆ ಒಂದು ಮಿತಿಯುಂಟು. ನೋಡುವವರು ಹೋದೆಡೆಯಷ್ಟೇ ಅದರಲ್ಲಿ ಚುಕ್ಕೆ ಬೀಳುತ್ತದೆ. ಮಲೆನಾಡಿಗೆ ಕ್ಯಾಮೆರಾ ಹಿಡಿದು ಹೋಗುವವರು ಅನೇಕರು. ಕೃಷ್ಣೆ-ತುಂಗಭದ್ರೆಯರ ನಡುವಣ ರಾಯಚೂರು, ದೇವದುರ್ಗ, ಮಾನ್ವಿಗಳ ಹೊಲಗಳಿಗೆ ಬರುವವರು ವಿರಳ. ದಾಖಲೆಯಿಲ್ಲದ ಊರನ್ನು ಜೀವವಿಲ್ಲದ ಊರೆಂದು ಓದಿದರೆ, ಬದುವಿನ ಎಕ್ಕೆಗಿಡವನ್ನು ಕಡಿಯುವಾಗ ಅದರ ಎಲೆ ತಿಂದು ಬೆಳೆಯುವ ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳುವನ್ನು ಯಾರೂ ಲೆಕ್ಕಿಸರು.

ಪತಂಗಗಳ ವಿಷಯ ಇನ್ನೂ ಸೂಕ್ಷ್ಮ. ಹತ್ತಿಯ ಗುಲಾಬಿ ಕಾಯಿಕೊರಕ, ಭತ್ತದ ಕಾಂಡಕೊರಕಗಳು ಪತಂಗಗಳ ಮರಿಹುಳುಗಳೇ. ರೈತನ ನಷ್ಟವನ್ನು ಮರೆತ ದಯೆ ಅಪೂರ್ಣ. ಆ ಕೆಲವಕ್ಕಾಗಿ ಪತಂಗಕುಲವನ್ನೆಲ್ಲ ಶತ್ರುವೆನ್ನುವುದು ಅಜ್ಞಾನ. ಯಾವುದು ಎಲ್ಲಿ, ಯಾವ ತಿಂಗಳಲ್ಲಿ ಎಂಬ ಸ್ಥಳೀಯ ದಾಖಲೆಯಿದ್ದರೆ ಔಷಧ ಸಿಂಪಡಣೆಯನ್ನು ಅಗತ್ಯಕ್ಕೆ ಮಿತಗೊಳಿಸಬಹುದು. ದೀಪವಿಟ್ಟು ಪತಂಗಗಳನ್ನು ಸೆಳೆದು ಎಣಿಸುವವರೂ ಕೆಲಸ ಮುಗಿದೊಡನೆ ದೀಪ ಆರಿಸಬೇಕು. ಇಲ್ಲವಾದರೆ ಅವು ಹಲ್ಲಿಗಳಿಗೆ ಆಹಾರವಾಗುತ್ತವೆ.

ಬಸದಿಯಂಗಳದಲ್ಲಿ ಕಂಡ ಚಿಟ್ಟೆಗಳನ್ನು ಟ್ರಸ್ಟ್‌ಗಳೂ ಕುಟುಂಬಗಳೂ ವರ್ಷವಿಡೀ ದಿನಾಂಕಸಹಿತ ಬರೆದಿಟ್ಟು ಕಳುಹಿಸಿದರೆ ನಕ್ಷೆಯ ಕೊರತೆ ಕೆಲಮಟ್ಟಿಗೆ ನೀಗೀತು. ಅಹಿಂಸೆಗೂ ಅರಿವಿನ ಆಧಾರ ದೊರೆತೀತು.