ಇಗ್ಗಪ್ಪ ಹೆಗ್ಗಡೆಯೂ ತ್ಸಾರನ ರಷ್ಯವೂ

ಹೊನ್ನಾವರದ ಉತ್ತರಕ್ಕೆ, ಕುಮಟಾ ದಾರಿಯಲ್ಲಿ ಸಿಗುವ ಕರ್ಕಿ ಸೂರಿ ವೆಂಕಟರಮಣ ಶಾಸ್ತ್ರಿಗಳ ಊರು. 1887ರಲ್ಲಿ ಅಚ್ಚಾದ ಅವರ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ಕ್ಕೆ ‘ಕನ್ನಡದ ಮೊದಲ ಸಾಮಾಜಿಕ ನಾಟಕ’ ಎಂದು ನಮ್ಮವರು ಪಟ್ಟ ಕಟ್ಟಿದ್ದಾರೆ. ಪಟ್ಟ ಕಟ್ಟಿದ ಮೇಲೆ ಓದುವ ಹೊಣೆಯೂ ತೀರಿತೆಂದು ತಿಳಿದಂತಿದೆ. ಸಾಹಿತ್ಯ ಚರಿತ್ರೆಯಲ್ಲಿ ಒಂದು ಪ್ಯಾರಾ, ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ, ಅಲ್ಲಿಂದ ಸೀದಾ ಕೈಲಾಸಂ ಕಡೆಗೆ ಓಟ. ಕೃತಿಯೊಂದನ್ನು ಮುಂದೆ ಬರಲಿದ್ದುದರ ಪೀಠಿಕೆ ಮಾಡಿಬಿಟ್ಟರೆ, ಅದು ತನ್ನ ಕಾಲದ ಬಗ್ಗೆ ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ.

ಇಂಥದೇ ಅನ್ಯಾಯವನ್ನು ತ್ಸಾರರ ಕೊನೆಯ ದಶಕಗಳ ರಷ್ಯಕ್ಕೂ ಮಾಡಿದ್ದೇವೆ. ನಮ್ಮಲ್ಲಿ ಹೆಚ್ಚಿನವರಿಗೆ ಆ ರಷ್ಯ ಪರಿಚಯವಾದದ್ದು ನವಕರ್ನಾಟಕದ ಮಳಿಗೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳಿಂದ, ನಿರಂಜನರು ಕನ್ನಡಕ್ಕೆ ತಂದ ಗೋರ್ಕಿಯ ‘ತಾಯಿ’ಯಿಂದ. ಅಲ್ಲಿ ಎಲ್ಲ ದಾರಿಗಳೂ 1917ಕ್ಕೇ ಹೋಗುತ್ತವೆ. 1861ರ ಜೀತ ವಿಮೋಚನೆ, 1891ರ ಬರ, 1905ರ ಗುಂಡೇಟು ಎಲ್ಲವೂ ಕ್ರಾಂತಿಗೆ ಹಾಸಿದ ಮೆಟ್ಟಿಲು. ಆ ಮೆಟ್ಟಿಲುಗಳ ಮೇಲೆ ಕೂತು ಮಗಳ ಮದುವೆ ಮಾಡಿದವರು, ಸಾಲ ತೀರಿಸಿದವರು, ಬಡ್ಡಿ ಲೆಕ್ಕ ಹಾಕಿದವರು ಇದ್ದರು ಎಂಬುದು ಮರೆತೇ ಹೋಗುತ್ತದೆ.

ಕರ್ಕಿಯನ್ನೂ ರಷ್ಯವನ್ನೂ ಜೊತೆಗಿಟ್ಟು ಓದುವುದಕ್ಕೆ ಕಾರಣವಿದೆ. ಟಾಲ್‌ಸ್ಟಾಯ್ 1886ರಲ್ಲಿ ಬರೆದ ‘ಕತ್ತಲೆಯ ಶಕ್ತಿ’ ಅಚ್ಚಾದದ್ದೂ 1887ರಲ್ಲೇ. ಎರಡು ನಾಟಕಗಳ ಹೆಸರಿನಲ್ಲೂ ಒಂದು ‘ಅಥವಾ’ ಇದೆ. ಟಾಲ್‌ಸ್ಟಾಯ್‌ದು ಗಾದೆ: ಉಗುರು ಸಿಕ್ಕಿಕೊಂಡರೆ ಇಡೀ ಹಕ್ಕಿಯೇ ಹೋದಂತೆ. ಶಾಸ್ತ್ರಿಗಳದ್ದು ನೇರ ತೀರ್ಪು: ‘ಕನ್ಯಾವಿಕ್ರಯದ ಪರಿಣಾಮವು’. ಎರಡರಲ್ಲೂ ಆಡುವ ಮಾತು ಗ್ರಂಥದ್ದಲ್ಲ, ಒಂದರಲ್ಲಿ ತೂಲಾ ಸೀಮೆಯ ರೈತರದು, ಇನ್ನೊಂದರಲ್ಲಿ ಹವ್ಯಕರ ಮನೆಯದು. ಮುಖ್ಯವಾಗಿ, ಎರಡರ ಒಳಗೂ ದುಡ್ಡು ಮದುವೆಯ ಬಾಗಿಲಿನಿಂದಲೇ ಮನೆ ಹೊಗುತ್ತದೆ. ಟಾಲ್‌ಸ್ಟಾಯ್‌ನ ಅನೀಸ್ಯಾ ರೋಗಿಷ್ಟ ಸಿರಿವಂತ ರೈತನೊಬ್ಬನ ಎರಡನೆಯ ಹೆಂಡತಿ. ಗಂಡನಿಗೆ ವಿಷವಿಕ್ಕಿ, ಅವನ ದುಡ್ಡನ್ನು ಕೈಮಾಡಿಕೊಂಡು, ಆಳು ನಿಕೀತನನ್ನು ಕಟ್ಟಿಕೊಳ್ಳುತ್ತಾಳೆ. ಮೂರನೆಯ ಅಂಕದಲ್ಲಿ ಮುದಿ ಸಿಪಾಯಿ ಮಿತ್ರಿಚ್ ಬ್ಯಾಂಕು ಎಂದರೇನು, ಕೂತಲ್ಲೇ ಬಡ್ಡಿ ಹೇಗೆ ಹುಟ್ಟುತ್ತದೆ ಎಂದು ವಿವರಿಸುತ್ತಾನೆ. ನಿಕೀತನ ತಂದೆ ಅಕೀಮನಿಗೆ ಅದು ಹೊಲಸು ಕೆಲಸವಾಗಿ ಕಾಣುತ್ತದೆ. ಆ ಕಾಲದ ರಷ್ಯದ ಆರ್ಥಿಕ ಸ್ಥಿತಿಯ ಬಗ್ಗೆ ಅಷ್ಟು ಚಿಕ್ಕ, ಅಷ್ಟು ಪೂರ್ತಿಯಾದ ಪಾಠ ಇನ್ನೊಂದಿರಲಾರದು.

ಇತ್ತ ಮುದುಕ ಇಗ್ಗಪ್ಪನಿಗೆ ಎಳೆಯ ಹುಡುಗಿ ಬೇಕು, ಹೆಣ್ಣು ಹೆತ್ತವರಿಗೆ ಮಗಳ ಬೆಲೆಯಾಗಿ ತೆರ ಬೇಕು. ಇದನ್ನು ಬರೀ ‘ಅನಿಷ್ಟ ಪದ್ಧತಿ’ ಎಂದು ಕರೆದು ಮುಂದೆ ಹೋಗುವುದು ಸೋಮಾರಿ ಓದು. ತೆರ ಕೊಡಲು ರೊಕ್ಕ ಎಲ್ಲಿಂದ ಬಂತು? ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ಹೊತ್ತಿಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬೆಲೆ ಏರಿ, ಧಾರವಾಡ ಸೀಮೆಯ ಹತ್ತಿ ಗಾಡಿಗಟ್ಟಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಬಂತು. ಕುಮಟಾ ಎಂಬುದು ದೂರದ ಲಿವರ್‌ಪೂಲಿನ ಪೇಟೆಯಲ್ಲೂ ಹತ್ತಿಯ ಒಂದು ತಳಿಯ ಹೆಸರಾಯಿತು. ಅಡಕೆ, ಮೆಣಸು ಮೊದಲೇ ಪೇಟೆಯ ಬೆಳೆಗಳು. ಕಂದಾಯ ಕಟ್ಟಬೇಕಾದದ್ದು ನಗದಿನಲ್ಲಿ. 1878ರ ಅರಣ್ಯ ಕಾಯ್ದೆ ಬಂದ ಮೇಲೆ ತೋಟಕ್ಕೆ ಸೊಪ್ಪು ಕೊಡುವ ಬೆಟ್ಟವೂ ಸರಕಾರದ ಲೆಕ್ಕಕ್ಕೆ ಬಿತ್ತು. 1880ರ ದಶಕದ ಕೊನೆಗೆ ಮರ್ಮಗೋವಾ ರೈಲು ಶುರುವಾಗಿ ಕುಮಟೆಯ ವ್ಯಾಪಾರವನ್ನು ಸೆಳೆದುಕೊಂಡಿತು. ದುಡ್ಡು ಒಮ್ಮೆ ಹರಿದು ಬಂದು ಮತ್ತೆ ಇಂಗಿದ ಕರಾವಳಿ ಇದು. ಇಂಥ ಕಡೆ ತೋಟವಿದ್ದ ಮುದುಕ ಹುಡುಗಿಯನ್ನು ಕೊಂಡುಕೊಳ್ಳಬಲ್ಲ, ಸಾಲವಿದ್ದ ಅಪ್ಪ ಮಾರಬಲ್ಲ. ತೆರ ಹಳೆಯದೇ ಇರಬಹುದು. ಅದಕ್ಕೆ ಪೇಟೆಯ ಧಾರಣೆ ಬಂದದ್ದು ಹೊಸತು.

ಇದು ಕರ್ಕಿಗೆ ಮಾತ್ರ ಸೇರಿದ ಕತೆಯಲ್ಲ. ಮುದಿ ಅಧಿಕಾರಿಯ ಪಕ್ಕ ಅಳುಮೋರೆಯ ಹುಡುಗಿಯನ್ನು ನಿಲ್ಲಿಸಿದ ಪುಕಿರೇವನ ‘ಅಸಮ ವಿವಾಹ’ ಚಿತ್ರ 1862ರದು. ಮಾಸ್ಕೋದ ತ್ರೆತ್ಯಾಕೊವ್ ಗ್ಯಾಲರಿಗೆ ಹೋದವರು ಈಗಲೂ ಅದರ ಮುಂದೆ ನಿಲ್ಲುತ್ತಾರೆ. ವರದಕ್ಷಿಣೆಯಿಲ್ಲದ ಹುಡುಗಿಗಾಗಿ ವರ್ತಕರು ನಾಣ್ಯ ಚಿಮ್ಮುವುದನ್ನು ಓಸ್ತ್ರೋವ್‌ಸ್ಕಿ 1870ರ ದಶಕದ ಕೊನೆಯಲ್ಲೇ ನಾಟಕ ಮಾಡಿದ್ದ. ನಮ್ಮ ನೆರೆಯಲ್ಲಿ ಗುರಜಾಡರ ‘ಕನ್ಯಾಶುಲ್ಕಂ’ ರಂಗಕ್ಕೆ ಬಂದದ್ದು 1892ರಲ್ಲಿ, ದೇವಲರ ಮರಾಠಿ ‘ಶಾರದಾ’ 1899ರಲ್ಲಿ. ತೆಲುಗರೂ ಮರಾಠಿಗರೂ ಇವೆರಡನ್ನು ಇಂದಿಗೂ ತಲೆಯ ಮೇಲೆ ಹೊತ್ತಿದ್ದಾರೆ. ಇವೆರಡಕ್ಕೂ ಮುಂಚೆ ಬಂದ ಇಗ್ಗಪ್ಪನ ಹೆಸರು ಹೊನ್ನಾವರ ದಾಟಿದರೆ ಎಷ್ಟು ಜನಕ್ಕೆ ಗೊತ್ತು?

ರಾಜಕೀಯದ ಮಾತಿಗೆ ಬಂದರೆ ಇಬ್ಬರು ಲೇಖಕರ ದಾರಿ ಕವಲೊಡೆಯುತ್ತದೆ. ರಷ್ಯದಲ್ಲಿ ನಾಟಕ ಬರೆಯುವವನ ಮೇಜಿನ ಮೇಲೆ ಪ್ರಭುತ್ವ ಕೂತೇ ಇರುತ್ತಿತ್ತು. ‘ಕತ್ತಲೆಯ ಶಕ್ತಿ’ಯನ್ನು ಓದಿಸಿಕೊಂಡು ಕೇಳಿದ ತ್ಸಾರ್ ಮೂರನೆಯ ಅಲೆಕ್ಸಾಂಡರ್ ಮೊದಲು ಮೆಚ್ಚಿದ. ಧರ್ಮಾಧಿಕಾರಿ ಪೊಬೆದೊನೊಸ್ತ್ಸೆವ್ ಪತ್ರ ಬರೆದ ಮೇಲೆ ಆಡಕೂಡದೆಂದು ತಡೆದ. 1888ರಲ್ಲಿ ಅದು ಪ್ಯಾರಿಸ್ಸಿನಲ್ಲಿ ಆಟ ಕಂಡಿತು, ತನ್ನ ದೇಶದ ರಂಗ ಹತ್ತಿದ್ದು 1895ರಲ್ಲಿ. ಅದೇ 1887ರ ಮೇ ತಿಂಗಳಲ್ಲಿ ಲೆನಿನ್ನನ ಅಣ್ಣ ಅಲೆಕ್ಸಾಂಡರ್ ಉಲ್ಯಾನೋವ್‌ನನ್ನು ನೇಣಿಗೆ ಹಾಕಿದರು. ಜೂನಿನಲ್ಲಿ ಶಿಕ್ಷಣ ಮಂತ್ರಿ ದೆಲ್ಯಾನೋವ್, ಗಾಡಿ ಹೊಡೆಯುವವರ, ಅಡುಗೆಯವರ, ಅಗಸಗಿತ್ತಿಯರ ಮಕ್ಕಳನ್ನು ಹೈಸ್ಕೂಲಿನ ಹೊರಗಿಡಿ ಎಂದು ಸುತ್ತೋಲೆ ಹೊರಡಿಸಿದ. ಹತ್ತು ವರ್ಷದ ಬಳಿಕ ನಡೆದ ಜನಗಣತಿಯಲ್ಲಿ ಓದು ಬಲ್ಲವರು ನೂರಕ್ಕೆ 21 ಮಂದಿ ಮಾತ್ರ.

ಶಾಸ್ತ್ರಿಗಳ ಊರು ಸೇರಿದ್ದ ಮುಂಬಯಿ ಪ್ರಾಂತದಲ್ಲೂ ಆ ವರ್ಷ ತಣ್ಣಗಿರಲಿಲ್ಲ. ಬಾಲ್ಯದಲ್ಲೇ ಮದುವೆಯಾಗಿದ್ದ ರುಕ್ಮಾಬಾಯಿ, ಒಂದೋ ಗಂಡನ ಮನೆಗೆ ಹೋಗಬೇಕು ಇಲ್ಲವೇ ಆರು ತಿಂಗಳು ಸೆರೆಮನೆಗೆ ಎಂದು ಹೈಕೋರ್ಟು ತೀರ್ಪಿತ್ತದ್ದು 1887ರ ಮಾರ್ಚಿನಲ್ಲಿ. ಮರುವರ್ಷ ಆ ಗಂಡ ಎರಡು ಸಾವಿರ ರೂಪಾಯಿ ಪಡೆದು ತನ್ನ ಹಕ್ಕು ಬಿಟ್ಟುಕೊಟ್ಟ. ಅಲ್ಲೂ ಹೆಣ್ಣಿಗೊಂದು ಬೆಲೆ ನಿಗದಿಯಾಗಿಯೇ ವ್ಯಾಜ್ಯ ಮುಗಿಯಿತು. ಮುಂಬಯಿಯ ಅಚ್ಚುಕೂಟಗಳ, ಪತ್ರಿಕೆಗಳ ಲೋಕ ಬಲ್ಲ ಕರ್ಕಿಯ ಪಂಡಿತರೊಬ್ಬರು ಕನ್ಯಾವಿಕ್ರಯವನ್ನು ಕೈಗೆತ್ತಿಕೊಂಡದ್ದು ಈ ಗದ್ದಲದ ನಡುವೆ. ಆದರೆ ಅವರು ತಮ್ಮ ವಾದವನ್ನು ಸರಕಾರದ ಮುಂದೆ ಒಯ್ಯಲಿಲ್ಲ, ಸಮಾಜದ ಪಂಕ್ತಿಯ ನಡುವೆ ತಂದಿಟ್ಟರು. ಶಾಸ್ತ್ರ ಹೇಳುವವರನ್ನು ಶಾಸ್ತ್ರಿಗಳೇ ಮನೆಮಾತಿನಲ್ಲಿ ನಗೆಗೀಡು ಮಾಡಿದರು. 1891ರಲ್ಲಿ ಸಮ್ಮತಿ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ ಕಾನೂನಿಗಿಂತ ಆ ನಗೆ ಹೆಚ್ಚು ಮನೆಗಳ ಒಳಗೆ ಹೋಗಬಲ್ಲದ್ದಾಗಿತ್ತೆಂದು ನನ್ನ ಎಣಿಕೆ.

ಭಾಷೆಯ ವಿಚಾರದಲ್ಲಂತೂ ಕರ್ಕಿಯದೇ ಮೇಲುಗೈ ಎನ್ನಲು ನನಗೆ ಹಿಂಜರಿಕೆಯಿಲ್ಲ. ಟಾಲ್‌ಸ್ಟಾಯ್ ಜಮೀನುದಾರ, ರೈತರ ಮಾತನ್ನು ಪುಸ್ತಕದಲ್ಲಿ ಟಿಪ್ಪಣಿ ಮಾಡಿಕೊಂಡವನು. ಅಷ್ಟು ಸೂಕ್ಷ್ಮ ಕಿವಿಯಿದ್ದರೂ ಅವನು ಕೇಳಿಸಿಕೊಂಡದ್ದು ಹೊರಗೆ ನಿಂತು. ಶಾಸ್ತ್ರಿಗಳು ತಾವು ಉಂಡ ಜಗಲಿಯ ಮಾತನ್ನೇ ಅಚ್ಚಿಗೆ ಕೊಟ್ಟರು, ಅದೂ ನಾಟಕವೆಂದರೆ ಸಂಸ್ಕೃತದ ಅನುವಾದವೆಂದು ತಿಳಿದಿದ್ದ ಕಾಲದಲ್ಲಿ. ಯಕ್ಷಗಾನ ಮೇಳದ ಊರಾದ ಕರ್ಕಿಗೆ ಅರ್ಥಗಾರಿಕೆಯೂ ಹಾಸ್ಯಗಾರನ ಸಲಿಗೆಯೂ ಹೊಸತಲ್ಲ. 1840ರ ದಶಕದಲ್ಲಿ ಸಾಂಗ್ಲಿಗೆ ಹೋಗಿ ಮರಾಠಿ ರಂಗಭೂಮಿಗೆ ಕಿಡಿ ಹಚ್ಚಿದ ಭಾಗವತರ ತಂಡ ಕರ್ಕಿಯದೇ ಎಂದು ಈ ಕಡೆಯವರು ಹೇಳುತ್ತ ಬಂದಿದ್ದಾರೆ. ದೇವರ ಕತೆಗೆ ಮೀಸಲಾಗಿದ್ದ ಆ ಸಲಿಗೆಯನ್ನು ಹೆಗ್ಗಡೆಯ ಮನೆಯ ಕತೆಗೆ ತಿರುಗಿಸಿದ್ದೇ ಶಾಸ್ತ್ರಿಗಳ ಧೈರ್ಯ.

ಕೊರತೆಯನ್ನೂ ಮುಚ್ಚಿಡಬೇಕಿಲ್ಲ. ಹೆಸರಿನಲ್ಲೇ ಪರಿಣಾಮ ಸಾರಿದ ನಾಟಕ ಪ್ರೇಕ್ಷಕನಿಗೆ ಯೋಚಿಸಲು ಕಡಿಮೆ ಬಿಡುತ್ತದೆ. ಇದಕ್ಕಿಂತ ದೊಡ್ಡ ಕೊರತೆ, ಒಂದು ಸಮುದಾಯದ ಒಳಗಿನ ತಪ್ಪಿಗೆ ಕಣ್ಣು ನೆಟ್ಟದ್ದರಿಂದ ಆ ಹಣದ ಬೇರು ಕಾಣದೆ ಹೋಗುವುದು. ಕೊಂಡವನೂ ಮಾರಿದವನೂ ರಂಗದ ಮೇಲಿದ್ದಾರೆ. ತೋಟಕ್ಕೆ ಮಣ್ಣು ಹೊತ್ತವರು, ಗದ್ದೆಯ ಗೇಣಿ ಅಳೆದವರು ನಾಟಕದ ವಿಷಯವಾಗುವುದಿಲ್ಲ. ರಷ್ಯದ ರೈತ 1861ರಲ್ಲಿ ಬಿಡುಗಡೆಯಾದರೂ ಭೂಮಿಯ ಬೆಲೆಯನ್ನು 49 ವರ್ಷಗಳ ಕಂತಿನಲ್ಲಿ ತೀರಿಸಬೇಕಿತ್ತು. ತೆರಿಗೆ ಕಟ್ಟಲು ಸುಗ್ಗಿಯಲ್ಲೇ ಧಾನ್ಯ ಮಾರಬೇಕಿತ್ತು. ಸರಕಾರ ಅದರ ರಫ್ತಿಗೆ ಒತ್ತು ಕೊಡುತ್ತಿತ್ತು. 1891-92ರ ಬರದಲ್ಲಿ ಹಸಿವು, ಕಾಲರಾಗಳಿಗೆ ಲಕ್ಷಗಟ್ಟಲೆ ಜನ ಸತ್ತಾಗ ಗಂಜಿಕೇಂದ್ರ ನಡೆಸಿದವರಲ್ಲಿ ಟಾಲ್‌ಸ್ಟಾಯ್ ಒಬ್ಬ. ಅವನ ನಾಟಕದ ಪಾತ್ರಗಳು ಈ ರೈತರೇ. ನಮ್ಮ ಕಡೆ ಗೇಣಿದಾರನ ಮಾತು ಗಟ್ಟಿಯಾಗಿ ಕೇಳಲು ದಿನಕರ ದೇಸಾಯಿಯವರ ರೈತ ಚಳವಳಿಯವರೆಗೆ ಕಾಯಬೇಕಾಯಿತು. ಬ್ರಿಟಿಷರು ಅವರನ್ನು 1940ರಲ್ಲಿ ಜಿಲ್ಲೆಯಿಂದಲೇ ಗಡೀಪಾರು ಮಾಡಿದರು. ಗೇಣಿ ಪದ್ಧತಿಗೆ ಕಾನೂನು ತೆರೆ ಎಳೆದದ್ದು 1974ರಲ್ಲಿ. ದುಡಿದವರ ಈ ಅರ್ಧವನ್ನು ಬಿಟ್ಟು ‘ಆ ಕಾಲದ ಸಮಾಜದ ಕನ್ನಡಿ’ ಎಂದು ಪ್ರಹಸನವನ್ನು ಹೊಗಳುವುದು ಶಾಸ್ತ್ರಿಗಳಿಗೂ ಮಾಡುವ ಉಪಕಾರವಲ್ಲ. ಅವರು ಒಂದು ಮನೆಯನ್ನು ತೋರಿಸಿದರು. ಅಷ್ಟು ಸ್ಪಷ್ಟವಾಗಿ ಇನ್ನೊಬ್ಬರು ಆಗ ತೋರಿಸಿರಲಿಲ್ಲ.

ಆ ಮನೆಯ ವ್ಯವಹಾರ ಮುಗಿದಿದೆಯೇ? ಅಡಕೆ ಸೀಮೆಯ ವಯಸ್ಸು ಮೀರಿದ ಗಂಡುಗಳಿಗೆ ಉತ್ತರ ಪ್ರದೇಶ, ಬಿಹಾರಗಳ ಕಡೆ ಹೆಣ್ಣು ಹುಡುಕುವ ಪ್ರಸ್ತಾಪ 2021ರಲ್ಲಿ ಸುದ್ದಿಯಾಯಿತು. ಇದು ಇಗ್ಗಪ್ಪನ ಕಾಲದ ವಿಕ್ರಯವಲ್ಲ, ಆ ಗಂಡುಗಳೂ ಇಗ್ಗಪ್ಪರಲ್ಲ. ಆದರೆ ತೋಟ, ವಯಸ್ಸು, ಹಣ, ಹುಡುಗಿಯ ಒಪ್ಪಿಗೆ ಈ ನಾಲ್ಕರ ಲೆಕ್ಕ ಮತ್ತೆ ಜಗಲಿಗೆ ಬಂದಿದೆ. ಆದ್ದರಿಂದ ಹೊನ್ನಾವರ, ಕುಮಟೆಯ ರಂಗತಂಡಗಳಲ್ಲಿ ನನ್ನದೊಂದು ಕೋರಿಕೆ: ‘ಮೊದಲ ನಾಟಕ’ ಎಂದು ಹಾರ ಹಾಕಿದ್ದು ಸಾಕು, ಇಗ್ಗಪ್ಪನನ್ನು ಹವ್ಯಕ ಮಾತಿನಲ್ಲೇ, ಶಿಷ್ಟ ಕನ್ನಡಕ್ಕೆ ತಿದ್ದದೆ ಆಡಿ. ಆಡುವಾಗ ಗೇಣಿ ಅಳೆಯುವವನೊಬ್ಬನನ್ನು ಅಂಗಳದಲ್ಲಿ ನಿಲ್ಲಿಸಲು ಮರೆಯಬೇಡಿ.