ಮುನ್ನೋಟದ ಮಿತಿ

ಚಲಚ್ಚಿತ್ರಗಳ ಮುನ್ನೋಟಗಳು, ಎಂದರೆ ಟ್ರೇಲರುಗಳು, ಕಥೆಯನ್ನೆಲ್ಲ ಮೊದಲೇ ಹೊರಗೆಡಹಿ ರಸಭಂಗ ಮಾಡುತ್ತವೆಂಬ ಆಕ್ಷೇಪ ಸಾಮಾನ್ಯವಾಗಿದೆ. ಇದು ಅರ್ಧಸತ್ಯ. ಕಥೆ ತಿಳಿದಿರುವುದೇ ದೋಷವಾಗಿದ್ದರೆ ಯಕ್ಷಗಾನದ ಅಭಿಮನ್ಯು ಕಾಳಗವನ್ನು ಮತ್ತೆ ಮತ್ತೆ ನೋಡುವವರೇ ಇರುತ್ತಿರಲಿಲ್ಲ. ಆದುದರಿಂದ ಮುನ್ನೋಟವು ಎಷ್ಟನ್ನು ಹೇಳಿತೆಂಬುದಕ್ಕಿಂತ ಯಾವುದನ್ನು ಹೇಳಿತೆಂಬುದೇ ವಿಚಾರಾರ್ಹ.

ಎರಡು ನಿದರ್ಶನಗಳನ್ನು ನೋಡೋಣ. 1960ರ ‘ಸೈಕೋ’ ಚಿತ್ರದ ಮುನ್ನೋಟ ಆರು ನಿಮಿಷಕ್ಕೂ ದೀರ್ಘವಾದುದು. ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕರು ಮಾರ್ಗದರ್ಶಿಯಂತೆ ಮುಂದೆ ನಡೆದು, ಮೆಟ್ಟಿಲ ಮೇಲಣ ಕೊಲೆಯನ್ನೂ ಸ್ನಾನಗೃಹದ ಕೊಲೆಯನ್ನೂ ಸೂಚಿಸುತ್ತಾರೆ. ಆದರೆ ಕೊನೆಯಲ್ಲಿ ಪರದೆ ಸರಿದಾಗ ಚೀರುವವಳು ಚಿತ್ರದ ಆ ದೃಶ್ಯದಲ್ಲಿರುವ ಜಾನೆಟ್ ಲೀ ಅಲ್ಲ, ವೆರಾ ಮೈಲ್ಸ್. ಸ್ಥಳ ತಿಳಿಯಿತು, ಗುಟ್ಟು ಉಳಿಯಿತು.

1991ರ ‘ಟರ್ಮಿನೇಟರ್ 2’ರ ಗತಿ ಬೇರೆ. ಹಿಂದಿನ ಚಿತ್ರದಲ್ಲಿ ಕೊಲ್ಲಬಂದ ಯಂತ್ರಮಾನವನೇ ಇಲ್ಲಿ ಬಾಲಕನ ರಕ್ಷಕ. ಇಬ್ಬರು ಆಗಂತುಕರಲ್ಲಿ ಮಿತ್ರನಾರೆಂಬುದನ್ನು, ಅವರು ಬಾಲಕನಿಗೆ ಎದುರಾಗುವವರೆಗೆ ನಿರ್ದೇಶಕ ಜೇಮ್ಸ್ ಕ್ಯಾಮರಾನರು ಮರೆಸಿಟ್ಟಿದ್ದರು. ಮುನ್ನೋಟ ಅದನ್ನೇ ಸಾರಿಬಿಟ್ಟಿತು. ಶಂಕೆಯಿಂದ ಕಾಣಬೇಕಾದ ದೃಶ್ಯಗಳು ಬರಿಯ ನಿರೀಕ್ಷಣೆಯಾದುವು.

ನಮ್ಮಲ್ಲಿ ಹಿಂದೆ ಮಾರಾಟವಾಗುತ್ತಿದ್ದ ಸಿನಿಮಾ ಹಾಡಿನ ಪುಸ್ತಕಗಳು ಕಥಾಸಾರವನ್ನು ನಡುವೆ ನಿಲ್ಲಿಸಿ, ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡಿರೆನ್ನುತ್ತಿದ್ದುವು. ಅದೂ ವ್ಯಾಪಾರವೇ, ಆದರೆ ಮಿತಿಯನ್ನರಿತ ವ್ಯಾಪಾರ. ಚಿತ್ರವನ್ನು ಎಷ್ಟು ಬಾರಿಯಾದರೂ ನೋಡಬಹುದು. ಅರಿಯದವನಾಗಿ ನೋಡುವುದು ಒಮ್ಮೆ ಮಾತ್ರ. ಆ ಒಂದು ಬಾರಿಯನ್ನು ಪ್ರೇಕ್ಷಕನಿಂದ ಕಸಿದುಕೊಳ್ಳುವ ಅಧಿಕಾರ ಜಾಹೀರಾತಿಗಿಲ್ಲ.