ಹೊಳೆಯ ಹಸಿರು, ಇಳಿಜಾರಿನ ಹುಲ್ಲು

ಶಿವನಸಮುದ್ರದ ಬ್ಲಫ್‌ಗೆ ಜನ ಮುಗಿಬೀಳುವುದು ಜುಲೈ, ಆಗಸ್ಟ್‌ನಲ್ಲಿ, ಗಗನಚುಕ್ಕಿ ಜಲಪಾತ ತುಂಬಿ ಧುಮುಕುವಾಗ. ಕಾಡು ನೋಡುವ ಹುಚ್ಚಿದ್ದವರು ಮಾತ್ರ ಆಗ ಹೋಗಬಾರದು. ಆ ನೀರು ಸುತ್ತಲಿನ ಮಳವಳ್ಳಿ ಸೀಮೆಯ ಮಳೆಯದಲ್ಲ. ಕಾವೇರಿ ಕೊಡಗಿನಿಂದ, ಕಬಿನಿ ವಯನಾಡಿನಿಂದ ಹೊತ್ತು ತಂದದ್ದು. ಪಶ್ಚಿಮಘಟ್ಟ ದಾಟುವ ಹೊತ್ತಿಗೆ ಮುಂಗಾರಿನ ಮೋಡ ಬರಿದಾಗಿರುತ್ತದೆ. ಈ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನದು. ಜಲಪಾತ ಅಬ್ಬರಿಸುವಾಗ ಪಕ್ಕದ ಹೊಲದ ರೈತ ಆಕಾಶ ನೋಡುತ್ತಿರುತ್ತಾನೆ.

ಬೇರೆ ಸೀಮೆಯ ಆ ಮಳೆಯಿಂದಲೇ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು. ದಡದ ಮರಗಳನ್ನು ಸಾಕುತ್ತಿರುವುದೂ ಅದೇ ಮಳೆ. ಫೆಬ್ರವರಿ ಕೊನೆಯಲ್ಲಿ ಹೋಗಿ ನೋಡಿ: ನೀರಂಚಿನಲ್ಲಿ ನೀರುಮತ್ತಿ, ನೇರಳೆ, ಹೊಂಗೆಯ ನೆರಳು, ನಾಲ್ಕು ಹೆಜ್ಜೆ ಮೇಲೆ ಹತ್ತಿದರೆ ಜಾಲಿ, ಎಲಚಿ, ಎಲೆ ಉದುರಿಸಿ ನಿಂತ ದಿಂಡಿಗ.

ಇವೆರಡರಲ್ಲಿ ಈ ನೆಲದ ಹವಾಮಾನ ಹೇಳುವ ಹಸಿರು ಯಾವುದು? ಅಮೆರಿಕದ ಪರಿಸರ ವಿಜ್ಞಾನಿ ರಾಬರ್ಟ್ ವಿಟ್ಟಕರ್ ಜಗತ್ತಿನ ಸಸ್ಯಸಮೂಹಗಳನ್ನೆಲ್ಲ ಸರಾಸರಿ ಉಷ್ಣತೆ, ವಾರ್ಷಿಕ ಮಳೆ ಎಂಬ ಎರಡೇ ಗೆರೆಗಳ ನಡುವೆ ಕೂರಿಸಿದ. ಆಗುಂಬೆಯದು 7,000 ಮಿಲಿಮೀಟರ್ ದಾಟುವ ಮಳೆ, ಅಲ್ಲಿ ನಿತ್ಯಹರಿದ್ವರ್ಣ ಕಾಡು. ಮಳೆ ಇಳಿಯುತ್ತ ಬಂದಂತೆ ಎಲೆಯುದುರು ಕಾಡು, ಕುರುಚಲು, ಕೊನೆಗೆ ಮರುಭೂಮಿ. ಆ ಲೆಕ್ಕದಲ್ಲಿ ಬ್ಲಫ್ ಒಣಸೀಮೆ. ದಡದ ಹಸಿರು ಲೆಕ್ಕಕ್ಕೆ ಸಿಗದು, ಏಕೆಂದರೆ ಅದರ ಮಳೆ ಬೇರೆಲ್ಲೋ ಸುರಿದಿದೆ. ಆದ್ದರಿಂದ ಈ ನೆಲದ ಹವಾಮಾನವನ್ನು ಓದಬೇಕಾದದ್ದು ಇಳಿಜಾರಿನಲ್ಲಿ.

ಅಲ್ಲಿಯೂ ಮರಗಳ ತಲೆಯನ್ನಷ್ಟೇ ನೋಡಿ ತೀರ್ಮಾನಿಸಬೇಡಿ, ಬುಡ ನೋಡಿ. ಅರಣ್ಯ ಇಲಾಖೆಯ ರೂಢಿಯಲ್ಲಿ ಇಂಥವೆಲ್ಲ ಒಣ ಎಲೆಯುದುರು ಕಾಡುಗಳು. ಪರಿಸರ ವಿಜ್ಞಾನಿಗಳಾದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತಿತರರು 2011ರಲ್ಲಿ ಬೇರೊಂದು ವಾದ ಮುಂದಿಟ್ಟರು: ಮರಗಳ ಕೆಳಗೆ ಬಿಸಿಲು ಬೇಡುವ ಹುಲ್ಲು ಹಾಸಿದ್ದರೆ ಅದು ಸವನ್ನಾ, ಆಫ್ರಿಕಾದ ಬಯಲುಗಳ ಬಳಗ. ಸವನ್ನಾದಲ್ಲಿ ಮೇಯುವಿಕೆ, ಬೆಂಕಿ ಎರಡೂ ಹುಲ್ಲಿನ ಬದುಕಿನ ಭಾಗ. ದಪ್ಪ ತೊಗಟೆಯ, ಬುಡದಿಂದ ಮತ್ತೆ ಚಿಗುರುವ ಮರಗಳೇ ಉಳಿಯುತ್ತವೆ. ದಟ್ಟ ನೆರಳಾದರೆ ಹುಲ್ಲು ಸಾಯುತ್ತದೆ. ಲಂಟಾನದ ಕಳೆಪೊದೆ ಹಬ್ಬಿದ ಕಡೆ ಆಗುವುದೂ ಅದೇ.

ಹುಲ್ಲು ಹಾಸಿದ ಇಳಿಜಾರುಗಳ ಮಟ್ಟಿಗೆ ನನ್ನ ವೋಟು ಸವನ್ನಾಕ್ಕೆ. ಇದು ಹೆಸರಿನ ಜಗಳವಷ್ಟೇ ಅಲ್ಲ. ಕೆಟ್ಟುಹೋದ ಕಾಡೆಂದು ತಿಳಿದರೆ ಗುಂಡಿ ತೋಡಿ ಸಸಿ ತುಂಬುತ್ತೇವೆ. ಸವನ್ನಾ ಎಂದು ತಿಳಿದರೆ ಲಂಟಾನ ಕಿತ್ತು ಹುಲ್ಲಿಗೆ ಬಿಸಿಲು ಬಿಡುತ್ತೇವೆ. ವನಮಹೋತ್ಸವದ ಸಸಿಗಳಿಗೆ ಊರ ರಸ್ತೆ, ಶಾಲೆಯಂಗಳ, ಕೆರೆಯಂಚಿನಲ್ಲಿ ಬೇಕಾದಷ್ಟು ಜಾಗವಿದೆ. ಈ ಇಳಿಜಾರನ್ನು ಹುಲ್ಲಿಗೇ ಬಿಡೋಣ.